ಮಾವನವರಿಗೊಂದು ಸೀಟು: ಮಣಲಿಯಿಂದ ಕೋವಳಂಗೆ

ಮಣಲಿಯಿಂದ ಕೋವಳಂಗೆ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಚೆನ್ನೈಯ ಉತ್ತರದ ತುದಿಯಿಂದ ಹೊರಟು ದಕ್ಷಿಣದ ತುದಿಯನ್ನೂ ದಾಟಿ ಹೋಗಬೇಕು. ಒಂದು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ನಾನು ಮತ್ತು ಮಗಳು ಚಿನ್ಮಯಿ ಈ ದಾರಿಯಲ್ಲಿ ಹೋಗಿಬರುತ್ತೇವೆ. ಅವಳು ಅಲ್ಲಿ ಸರ್ಫಿಂಗ್ ಕಲಿಯುತ್ತಾಳೆ. ಹಲಗೆ ಅವಳಿಗಿಂತ ಉದ್ದ. ನಮ್ಮ ಚಿಕ್ಕ ಕಾರಿನ ಎಡಗಡೆಯ ಸೀಟುಗಳನ್ನು ಮಲಗಿಸಿ ಅದನ್ನು ಒಳಗೆ ಚಾಚಿದರೆ, ಸ್ಟಿಯರಿಂಗ್ ಮುಂದೆ ನಾನು, ನನ್ನ ಬೆನ್ನ ಹಿಂದೆ ಅವಳು. ಮೂರನೆಯವರಿಗೆ ಜಾಗವಿಲ್ಲ, ಬರುವವರೂ ಇರಲಿಲ್ಲ.

ಈ ಸಲ ಬರುವವರಿದ್ದರು. ನನ್ನ ಮಾವನವರು, ಅಂದರೆ ಗಂಡನ ತಂದೆ, ತಿಪಟೂರಿನ ಕಡೆಯವರು, ಕೊಬ್ಬರಿ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ಇಲ್ಲೇ ನಿಂತವರು. ಸಮುದ್ರವೆಂದರೆ ದೂರದಿಂದ ಕೈಮುಗಿಯಬೇಕಾದದ್ದು ಎನ್ನುವುದು ಅವರ ನಂಬಿಕೆ. ಮೊಮ್ಮಗಳು ಅದರೊಳಗೆ ಇಳಿಯುತ್ತಾಳೆಂದು ಗೊತ್ತಾದ ದಿನದಿಂದ ಆ ವಿಷಯ ಅವರು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮನೆಯಲ್ಲಿ ಹಲಗೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಇಬ್ಬರೂ ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದರು. ಹೋದ ವಾರ, ರಾಜ್ಯ ತಂಡದ ಆಯ್ಕೆ ಈ ಭಾನುವಾರ ಕೋವಳಂನಲ್ಲಿ ನಡೆಯುತ್ತದೆಂಬ ಸುದ್ದಿ ಕಿವಿಗೆ ಬಿದ್ದಾಗ ಮಾವ ಇದ್ದಕ್ಕಿದ್ದಂತೆ, “ಭಾನುವಾರ ನಾನೂ ಬರ್ಲೇನಮ್ಮ?” ಎಂದು ಚಿನ್ಮಯಿಯನ್ನು ಕೇಳಿದರು. ಅವಳು ಒಳಗೆ ಹೋಗಿ ಕೋಚ್‌ಗೆ ಫೋನ್ ಮಾಡಿ, “ತಾತ್ತಾ ವರ್ರಾರು”, ತಾತ ಬರ್ತಿದ್ದಾರೆ, ಎಂದು ಹೇಳಿದ್ದು ನನಗೆ ಕೇಳಿಸಿತು. ಇಲ್ಲೇ ಬೆಳೆದವಳು, ಮನೆಯಲ್ಲೂ ಅವಳ ಬಾಯಿಗೆ ತಮಿಳೇ.

ಹಾಗಾಗಿ ಹಲಗೆ ಕಾರಿನ ತಲೆಯ ಮೇಲೆ ಹೋಗಲೇಬೇಕಾಯಿತು. ಶನಿವಾರ ಮಾವನವರನ್ನು ಕರೆದುಕೊಂಡು ಪುದುಪೇಟೆಗೆ ಹೋದೆ. ಕಾರಿನ ಯಾವ ಅಂಗ ಬೇಕಾದರೂ ಬಿಡಿಯಾಗಿ ಸಿಗುವ ಬೀದಿ ಅದು. ರೂಫ್ ರೈಲುಗಳು, ಅಂದರೆ ಛಾವಣಿಯ ಎರಡೂ ಅಂಚಿಗೆ ಕೂರಿಸುವ ಕಂಬಿಗಳು, ಅಂಗಡಿಗಳ ಮುಂದೆ ಕಬ್ಬಿನ ಜಲ್ಲೆಯಂತೆ ಒರಗಿದ್ದವು. ಫಿಟ್ಟರ್ ಸೆಲ್ವಂ ನಮ್ಮ ಕಾರಿನ ಛಾವಣಿ ತಡವಿ ನೋಡಿದ. ಬೋಲ್ಟ್ ಹಾಕಬೇಕಾದರೆ ತಗಡು ಕೊರೆಯಬೇಕು, ಕೊರೆದರೆ ಮಳೆಗಾಲದಲ್ಲಿ ಒಳಗೆ ಸೋರಬಹುದು, ಇಲ್ಲವೆಂದರೆ ಅಂಟಿನ ರೈಲು ಇದೆ, ಹಲಗೆಯ ತೂಕಕ್ಕೆ ಅದು ಸಾಕು ಎಂದ. ಕಾರಿನ ತಲೆಗೆ ತೂತು ಕೊರೆಸಲು ಮಾವ ಒಪ್ಪಲಿಲ್ಲ. ಅಂಟಿನ ರೈಲೇ ಎಂದು ತೀರ್ಮಾನವಾಯಿತು.

ಸೆಲ್ವಂ ಛಾವಣಿಯ ಅಂಚುಗಳನ್ನು ಸ್ಪಿರಿಟ್‌ನಲ್ಲಿ ಚೆನ್ನಾಗಿ ಒರೆಸಿದ. ಬೆರಳು ತಾಗಿಸಬೇಡಿ ಎಂದು ಹೇಳಿ ಅಂಟು ತರಲು ಅಂಗಡಿಯೊಳಗೆ ಹೋದ. ಅಷ್ಟರಲ್ಲಿ ಮಾವ ಜೇಬಿನಿಂದ ವಿಭೂತಿ ಗಟ್ಟಿ ತೆಗೆದರು. ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಗ್ಯಾಸ್ ಒಲೆಯಿರಲಿ, ವಾಷಿಂಗ್ ಮೆಷೀನಿರಲಿ, ಅವರ ಮೂರು ಬೆರಳು ಮೊದಲು ಅದರ ಮೇಲೆ ಓಡಬೇಕು. ನಾನು “ಮಾವ, ಈಗಲ್ಲ” ಎನ್ನುವಷ್ಟರಲ್ಲಿ ಮುಂಭಾಗದ ಎಡ ಮೂಲೆಯಲ್ಲಿ ಮೂರು ಬಿಳಿ ಗೆರೆ ಎದ್ದಿದ್ದವು, ಅದೂ ಒರೆಸಿಟ್ಟ ಜಾಗದ ಮೇಲೆಯೇ.

ಹೊರಗೆ ಬಂದ ಸೆಲ್ವಂ ಅದನ್ನು ನೋಡಿದ. ಅವನ ಹಣೆಯ ಮೇಲೂ ಅವೇ ಮೂರು ಗೆರೆ ಇದ್ದವು. ಬಟ್ಟೆ ಕೈಗೆತ್ತಿಕೊಂಡ, ಮಾವನವರ ಮುಖ ನೋಡಿದ, ಬಟ್ಟೆ ಕೆಳಗಿಟ್ಟ.

“ಅಯ್ಯಾ ವೆಚ್ಚ ವಿಬೂದಿ. ಎಪ್ಪಡಿಮ್ಮಾ ತುಡೈಕ್ಕಿರದು?” ಎಂದು ನನ್ನನ್ನೇ ಕೇಳಿದ. ಹಿರಿಯರು ಇಟ್ಟ ವಿಭೂತಿಯನ್ನು ಒರೆಸುವುದು ಹೇಗೆಂದು ಅವನ ಸಂಕಟ. ಹೇಗೆಂದು ನನಗೂ ಗೊತ್ತಿರಲಿಲ್ಲ. ಅದರ ಮೇಲೆಯೇ ರೈಲು ಕೂತಿತು. ಮನೆಗೆ ಮರಳುವ ದಾರಿಯುದ್ದಕ್ಕೂ ಮಾವ ಪ್ರಸನ್ನರಾಗಿದ್ದರು.

ಭಾನುವಾರ ನಸುಕಿನಲ್ಲಿ ಹಲಗೆಯನ್ನು ರೈಲುಗಳಿಗೆ ಬಿಗಿದು ಹೊರಟೆವು. ಕಾಸಿಮೇಡಿನಲ್ಲಿ ಮೀನಿನ ಹರಾಜು ಜೋರಾಗಿತ್ತು, ಐಸ್ ತುಂಬಿದ ಗಾಡಿಗಳು ಅಡ್ಡ ನಿಂತಿದ್ದವು. ಮಾವ ಶಲ್ಯವನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅಡ್ಯಾರಿನಲ್ಲಿ ಇಡ್ಲಿ, ಕಾಫಿ ಆಯಿತು. ಹಿಂದಿನ ಸೀಟಿನಲ್ಲಿ ಅಜ್ಜನೂ ಮೊಮ್ಮಗಳೂ ಒಂದೊಂದು ಕಿಟಕಿ ಹಿಡಿದು ಕೂತಿದ್ದರು. ಅಜ್ಜನ ಪ್ಲಾಸ್ಟಿಕ್ ಚೀಲ ಅವಳ ತೊಡೆಯ ಮೇಲಿತ್ತು. ನನಗೆ ಅಷ್ಟೇ ಸಾಕೆನಿಸಿತು.

ತಿರುವಾನ್ಮಿಯೂರು ದಾಟಿದ ಮೇಲೆ ಕಡಲ ಗಾಳಿ ಎದುರಾಯಿತು. ಮೇಲಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಶುರುವಾಯಿತು, ನೀಲಾಂಕರೈ ಬರುವಷ್ಟರಲ್ಲಿ ಅದು ಬಡಿತವಾಗಿತ್ತು. ಗಾಡಿ ಪಕ್ಕಕ್ಕೆ ಹಾಕಿ ಇಳಿದೆವು. ಎಡಗಡೆಯ ರೈಲಿನ ಮುಂದಿನ ತುದಿ ಮೇಲೆದ್ದು ಬಂದಿತ್ತು. ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಎದ್ದು ಬಂದ ಅಂಟಿನ ಅಡಿಯಲ್ಲಿ ಮೂರು ಬಿಳಿ ಗೆರೆಗಳು ಅಚ್ಚೊತ್ತಿದಂತೆ ಕಾಣುತ್ತಿದ್ದವು. ಪೂಜೆಯ ವಿಭೂತಿಯಾದರೂ ಅಂಟಿಗೆ ಅದು ಬರೀ ಪುಡಿ.

ಚಿನ್ಮಯಿ ಗೆರೆಗಳನ್ನು ನೋಡಿದಳು, ಅಜ್ಜನನ್ನು ನೋಡಿದಳು. “ಎನ್ನ ತಾತ್ತಾ ಇದು?” ಇದೇನೆಂದು ಕೇಳಿದವಳ ದನಿ ಒಡೆಯಿತು. ಎಂಟು ಗಂಟೆಯೊಳಗೆ ಆಯ್ಕೆಗೆ ಹೆಸರು ಕೊಡಬೇಕು, ಇನ್ನೂ ಇಪ್ಪತ್ತು ಕಿಲೋಮೀಟರ್ ಬಾಕಿ.

ಮಾವ ತಡಮಾಡಲಿಲ್ಲ. “ಹಲಗೆ ಒಳಕ್ಕೆ ಹಾಕ್ರಮ್ಮ. ನೀವಿಬ್ರೂ ಹೋಗಿ, ನಾನು ಬಸ್ಸಲ್ಲಿ ಬತ್ತೀನಿ.”

“ಆಟೋ ಹಿಡಿದುಬಿಡಿ ಮಾವ, ಬೇಗ ಬರ್ತೀರಿ” ಎಂದೆ.

“ಆಟೋನಾ? ಹಗಲು ದರೋಡೆ ಅದು. ಬಸ್ಸಿಲ್ವಾ ಏನು?”

ಎಡಗಡೆಯ ಸೀಟು ಮಲಗಿಸಿ ಹಲಗೆ ಚಾಚಿದೆವು. ಅವರು ಚೀಲ ಹಿಡಿದು ಬಸ್ ನಿಲ್ದಾಣದ ಕಡೆ ನಡೆದರು. ನನಗೆ ಅವರ ಮೇಲೆ ಸಿಟ್ಟೂ ಬಂದಿತ್ತು, ಮರುಕವೂ. ಎಂಟಕ್ಕೆ ಮೊದಲೇ ಕೋವಳಂ ತಲುಪಿ ಹೆಸರು ಕೊಟ್ಟೆವು.

ಅಲೆಗಳು ಅಂದು ದೊಡ್ಡವು. ಮೊದಲನೆಯದರಲ್ಲೇ ಚಿನ್ಮಯಿ ಬಿದ್ದಳು. ಕೊನೆಯದರಲ್ಲಿ ಮಾತ್ರ ಎದ್ದು ನಿಂತವಳು ದಡದ ತನಕ ಬಂದಳು. ಸ್ವಲ್ಪ ಹೊತ್ತಿನಲ್ಲಿ ಕೋಚ್ ಕರೆದು, ಆಯ್ಕೆಯಾಗಿದ್ದೀ ಎಂದರು. ಗೆಳತಿಯರು ತಬ್ಬಿಕೊಂಡರು. ಅವಳು ಅವರ ಹೆಗಲ ಮೇಲಿಂದ ರಸ್ತೆಯ ಕಡೆ ನೋಡುತ್ತಿದ್ದಳು.

ಆಯ್ಕೆ ನಡೆಸಿದವರು ದಡದ ಬಾವುಟಗಳನ್ನು ಕೀಳುವ ಹೊತ್ತಿಗೆ ಮಾವ ಕಾಣಿಸಿದರು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ಕಾಲೆಳೆಯುತ್ತ ಬಂದರು. ಮೊದಲ ಬಸ್ಸು ನಿಲ್ಲಿಸದೆ ಹೋಯಿತಂತೆ.

“ಮುಗೀತಾ?”

“ಸೆಲೆಕ್ಟ್ ಆಯಿಟ್ಟೇನ್, ತಾತ್ತಾ.”

“ಒಳ್ಳೇದಾಯ್ತು ಮಗಾ.” ಸಮುದ್ರದ ಕಡೆ ತಿರುಗಿ, “ನೋಡೋಕೆ ಅಂತ ಬಂದೆ, ನೋಡ್ಲೇ ಇಲ್ವಲ್ಲ” ಎಂದರು.

ವಾಪಸು ಹೊರಡುವಾಗ ಮತ್ತೆ ಅದೇ ಲೆಕ್ಕ: ಹಲಗೆ, ನಾನು, ಇನ್ನೊಬ್ಬರು. ನಾವು ಏನಾದರೂ ಹೇಳುವ ಮೊದಲೇ ಮಾವ ಬಸ್ ನಿಲ್ದಾಣದತ್ತ ತಿರುಗಿದ್ದರು. ಚಿನ್ಮಯಿ ಹಲಗೆಯನ್ನು ಒಳಗಿಟ್ಟು ಕಾರಿನ ಬಾಗಿಲು ಹಾಕಿದಳು, ತಾನು ಹತ್ತಲಿಲ್ಲ.

“ನೀ ಪೋಮ್ಮಾ. ನಾನ್ ತಾತ್ತಾವೋಡ ಬಸ್‌ಲ ವರೇನ್. ಎನಕ್ಕು ಫ್ರೀ ತಾನೇ.” ನಾನು ಹೋಗಬೇಕಂತೆ, ಅವಳು ತಾತನ ಜೊತೆ ಬಸ್ಸಿನಲ್ಲಿ ಬರುತ್ತಾಳಂತೆ; ಇಲ್ಲಿ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ.

ಒಬ್ಬಳೇ ಹೊರಟೆ. ತಿರುವಿಗೆ ಮೊದಲು ಕನ್ನಡಿಯಲ್ಲಿ ನೋಡಿದೆ. ನಿಲ್ದಾಣದ ಬೆಂಚಿನ ಮೇಲೆ ಮಾವ ಕೂತಿದ್ದರು. ಅವಳು ಎದುರಿಗೆ ಮೊಣಕಾಲು ಬಾಗಿಸಿ ನಿಂತು, ಕೈಯೆತ್ತಿ ಅಲೆಯ ಎತ್ತರ ತೋರಿಸುತ್ತಿದ್ದಳು. ಮಾವ ಕತ್ತೆತ್ತಿ ಅಷ್ಟೆತ್ತರಕ್ಕೆ ನೋಡುತ್ತಿದ್ದರು.