ಹನುಮಕ್ಕನ ಅಣ್ಣನ ಕುರಿಗಳು

ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಹೊಲವೇ ಕಾಣಲಿಲ್ಲ. ಬರೀ ಕುರಿ. ನೂರಾರು ಕುರಿ ಮಲಗಿ, ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದವು. ಅಯ್ಯೋ ಶಿವನೇ, ಎಲ್ಲಿಗೆ ಬಂದೆ ಅನ್ನಿಸಿತು. ಊರು ಅರಸೀಕೆರೆ. ಹಾಸನದ್ದಲ್ಲ ಕಣ್ರೀ, ಹರಪನಹಳ್ಳಿ ತಾಲೂಕಿನದು. ನಮ್ಮಮ್ಮ ಈಗಲೂ 'ರೈಲಿಗೆ ಬಾ' ಅನ್ನುತ್ತಾಳೆ.

ಮಂಡ್ಯದ ನಾಲೆ, ಕಬ್ಬು ನೋಡಿ ಬೆಳೆದವಳಿಗೆ ಇಲ್ಲಿನ ಬಯಲು ಹೆದರಿಕೆ ಹುಟ್ಟಿಸಿತು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲು ತಿಂಗಳು ಹಿಡಿಯಿತು. ಮನೆಯೊಡತಿ ಹನುಮಕ್ಕ ಎದುರಿಗೇ ಕೂತು ಉಣಿಸುತ್ತಿದ್ದಳು. "ಹೊಟ್ಟಿ ತುಂಬ ಉಣ್ಣವಾ, ಸೊರಗಿದ್ರ ನಿಮ್ಮವ್ವ ನನ್ನ ಬೈತಾಳ." ಅವಳಿಲ್ಲದಿದ್ದರೆ ನಾನು ವಾರಕ್ಕೇ ಬಸ್ಸು ಹತ್ತುತ್ತಿದ್ದೆ.

ಬಂದದ್ದು ಸಂಶೋಧನೆಗೆ. ಕುರಿಹಿಕ್ಕೆಯಿಂದ ಅಡುಗೆ ಅನಿಲ, ಬಿಸಿಲಿನಿಂದ ವಿದ್ಯುತ್ತು, ಇವೆರಡರಲ್ಲೇ ಒಂದು ಊರು ನಡೆಯಬಲ್ಲುದೇ ಎಂದು ನೋಡಬೇಕಿತ್ತು. ತಂಡದಲ್ಲಿ ಒಬ್ಬ ಎಂಜಿನಿಯರ್, ಒಬ್ಬರು ಮಣ್ಣಿನ ವಿಜ್ಞಾನಿ, ಸೂಕ್ಷ್ಮಜೀವಿಗಳ ಹಿಂದೆ ಬಿದ್ದ ನಾನು. ಜನರ ಬದುಕು ಅರಿಯಬೇಕಾದ ಸಮಾಜವಿಜ್ಞಾನಿಯ ಹುದ್ದೆ ಮಾತ್ರ ಖಾಲಿ. ವರದಿಯಲ್ಲಿ ಹಿಕ್ಕೆಯನ್ನು 'ತ್ಯಾಜ್ಯ' ಎಂದು ಬರೆದವಳು ನಾನೇ.

ಅನಿಲದ ತೊಟ್ಟಿಗೆ ಹಿಕ್ಕೆ ಸಾಲದಾದಾಗ ಹನುಮಕ್ಕ ಅಂದಳು: "ನಮ್ಮಣ್ಣಗ ಹೇಳ್ತೀನಿ ತಗಾ. ನಾ ಕೇಳಿದ್ರ ಇಲ್ಲ ಅನ್ನಂಗಿಲ್ಲ." ಅವಳಣ್ಣ ಕರಿಯಪ್ಪ ತವರೂರು ಹಲವಾಗಲಿನಿಂದ ಹಿಂಡು ಹೊಡೆದುಕೊಂಡು ಬಂದ. ಆ ಬೇಸಿಗೆಯೆಲ್ಲ ಅವನ ಕುರಿಗಳು ನಮ್ಮ ತೊಟ್ಟಿಯ ಪಕ್ಕದಲ್ಲೇ ಮಲಗಿದವು. ಒಲೆಯಲ್ಲಿ ನೀಲಿ ಉರಿ ಬಂದ ದಿನ ಎಂಜಿನಿಯರ್ ಕುಣಿದ.

ಇಲ್ಲಿ ಬೇಸಿಗೆಯಲ್ಲಿ ಹಿಂಡು ರೈತರ ಹೊಲದಲ್ಲಿ ತಂಗಬೇಕು. ಹಿಕ್ಕೆ ಹೊಲಕ್ಕೆ ಗೊಬ್ಬರ; ಬದಲಿಗೆ ಕುರಿಗಾರನಿಗೆ ಜೋಳ, ಕುರಿಗೆ ಮೇವು, ನೀರು. ಅಪ್ಪನ ಕಾಲದಿಂದ ಕರಿಯಪ್ಪನ ಹಿಂಡನ್ನೇ ಕರೆಯುತ್ತಿದ್ದ ರೈತರು ಕಾದರು, ಆಮೇಲೆ ಬೇರೆ ಕುರಿಗಾರರನ್ನು ಕರೆದು ಮುಂದಿನ ಬೇಸಿಗೆಗೂ ಮಾತು ಕೊಟ್ಟುಬಿಟ್ಟರು. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅನಿಲ ತೆಗೆದ ಮೇಲೆ ಉಳಿಯುವ ರಾಡಿಯೂ ಗೊಬ್ಬರವೇ, ಮಣ್ಣಿಗೆ ನಷ್ಟವಿಲ್ಲ ಎಂದಿದ್ದರು ಮಣ್ಣಿನ ವಿಜ್ಞಾನಿ. ಮಣ್ಣಿಗೇನೋ ನಷ್ಟವಿರಲಿಲ್ಲ. ಕುರಿಗಾರನಿಗೇನು ನಷ್ಟವೆಂದು ಎಂಜಿನಿಯರ್ ಕೇಳಿರುತ್ತಾನೆ ಎಂದು ಅವರು, ನಾನು ಕೇಳಿರುತ್ತೇನೆ ಎಂದು ಅವನು ಅಂದುಕೊಂಡಿದ್ದ. ಎದುರಿನ ಹೊಲದಲ್ಲಿ ಕುರಿ ಯಾಕೆ ಮಲಗಿವೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ತಿಳಿದ ಮೇಲೆ ನಾವು ಮೂವರೂ ಹೋಗಿ, ಕರಿಯಪ್ಪನನ್ನೇ ಕರೆಯಿರೆಂದು ಆ ರೈತರ ಕೈಕಾಲು ಹಿಡಿದೆವು. "ಕೊಟ್ಟ ಮಾತು ಹೆಂಗ ತಪ್ಪಬೇಕ್ರಿ?" ಎಂದರು. ಸರಿಯೇ ಅಲ್ಲವೇ?

ಕರಿಯಪ್ಪ ತಂಗಿಯ ಬಾಗಿಲಲ್ಲಿ ನಿಂತು, "ನಿನ್ನ ಮಾತು ಕೇಳಿ ಕೆಟ್ಟೆ. ಬರೋ ಬ್ಯಾಸಿಗಿಗೆ ಹಿಂಡು ಎಲ್ಲಿ ಇಳಿಸ್ಲಿ ಹೇಳು" ಅಂದ. ನಾನು ಅಡ್ಡ ಬಂದು ತಪ್ಪು ನಮ್ಮದು ಅಂದೆ. "ನಿಮಗೇನ್ ಅನ್ಲಿ ಮೇಡಂ, ನೀವು ಹೊರಗಿನೋರು" ಎಂದು ಕೂಡ್ಲಿಗಿ ಕಡೆ ಹೊರಟ, ಗುರುತಿಲ್ಲದ ರೈತರನ್ನು ಹುಡುಕಿಕೊಂಡು. ಬೈದಿದ್ದರೆ ವಾಸಿಯಿತ್ತು.

ನಮ್ಮಲ್ಲಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುವಂತೆ, ಇಲ್ಲಿ ನಾಗರ ಪಂಚಮಿಗೆ ಅಣ್ಣನೇ ಬಂದು ತಂಗಿಯನ್ನು ಕರೆದೊಯ್ಯುತ್ತಾನೆ. ಕರಿಯಪ್ಪ ಹಬ್ಬಕ್ಕೆ ಹಲವಾಗಲಿಗೆ ಬಂದಿದ್ದಾನೆಂಬ ಸುದ್ದಿ ಇತ್ತು. ಹನುಮಕ್ಕ ಶೇಂಗಾ ಉಂಡಿ ಕಟ್ಟಿ, ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಳು. ಮೂರು ಬಸ್ಸು ಬಂದುಹೋದವು.

"ನಾನೇ ಕರ್ಕೊಂಡು ಹೋಗ್ಲಾ ಅಕ್ಕ?"

"ಕರೀಲಾರದ ಮನಿಗೆ ಹೆಂಗ ಹೋಗ್ಲಿ ಯವ್ವಾ."

ಒಳಗೆ ಹೋಗಿ ಹಳೇ ಸೀರೆ ಉಟ್ಟು ಬಂದಳು. ಉಂಡಿಯ ಡಬ್ಬಿ ನನ್ನ ಮುಂದಿಟ್ಟಳು. "ತಿನ್ನು. ಅವನ ಮಕ್ಕಳಿಗಂತ ಕಟ್ಟಿದ್ದೆ." ತಿಂದೆ. ಅಳು ಬಂತು.

ಆಗಲೇ ಮಂಡ್ಯದಿಂದ ನಮ್ಮಣ್ಣನ ಫೋನು. "ಗೌರಿ ಹಬ್ಬಕ್ಕೆ ಬತ್ತೀಯ ತಾನೆ? ಬಸ್‌ಸ್ಟ್ಯಾಂಡಿಗೆ ನಾನೇ ಬತ್ತೀನಿ." ಹನುಮಕ್ಕ ಪಕ್ಕದಲ್ಲೇ ಇದ್ದಳು. "ರಜೆ ಇಲ್ಲ ಕಣಣ್ಣ" ಎಂದು ಸುಳ್ಳು ಹೇಳಿದೆ.

ಅವಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಬರ್ತಾಳ್ರಿ ಅಣ್ಣಾರ," ಅಂದಳು. "ನಾ ಕಳಿಸ್ತೀನಿ."