ಆಸ್ಪತ್ರೆಗೆ ಮರೆವು ಬಂದ ದಿನ

ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ. ಆದರೆ ಅದೆಲ್ಲ ರಾಯದುರ್ಗದ ನಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿತ್ತಲ್ಲ! ಫೋನ್ ನಂಬರ್ ಹೇಳಿದರೆ ಸಾಕು, ಹುಟ್ಟಿದ ದಿನದಿಂದ ಹೋದ ವರ್ಷದ ಕೆಮ್ಮಿನವರೆಗೆ ಎಲ್ಲವೂ ಪರದೆಯ ಮೇಲೆ. ಇಷ್ಟು ಅನುಕೂಲವಿರುವಾಗ ಗಂಡನಾದವನು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಆ ಸೋಮವಾರ ಬೆಳಿಗ್ಗೆ ಶಾರದೆಯ ಕಾಲು ಬಾತು ಜ್ವರ ಏರಿತ್ತು. ಆಸ್ಪತ್ರೆಗೆ ಹೋದರೆ ಕೌಂಟರಿನಾಕೆ ಕೈಕಟ್ಟಿ ಕೂತಿದ್ದಾಳೆ. ಯಾರೋ ಎಲ್ಲಿಂದಲೋ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದು, ಹಣ ಕೊಟ್ಟರೆ ತೆಗೆಯುತ್ತೇವೆ ಎಂದು ಪರದೆಯ ಮೇಲೆ ಬರೆದಿದ್ದರಂತೆ.

"ಹೆಸರು ಬರ್ಕೊಳ್ಳವ್ವ" ಎಂದೆ.

"ಯಾತರಾಗ ಬರ್ಕೊಳ್ಳಲ್ರಿ? ಪೆನ್ನ ಇಲ್ಲ, ಹಾಳಿ ಇಲ್ಲ."

ಪೆನ್ನು ನಾನೇ ಕೊಟ್ಟೆ. ಹಾಳೆ ಪಕ್ಕದ ಮೆಡಿಕಲ್ ಷಾಪಿನಿಂದ ಬಂತು. ವಯಸ್ಸು ಕೇಳಿದಾಗ ಶಾರದೆ ಅಂಥ ಜ್ವರದಲ್ಲೂ ನಲವತ್ತಾರು ಎಂದಳು. ಸರಿಯಾಗಿ ಆರು ವರ್ಷ ಕಡಿಮೆ. ಸುಳ್ಳೆನ್ನಲು ಕಂಪ್ಯೂಟರ್ ಇರಲಿಲ್ಲ, ನನಗೆ ಧೈರ್ಯ ಇರಲಿಲ್ಲ.

ಡಾಕ್ಟರ ಮುಂದೆ ಹೋಗುವ ಹೊತ್ತಿಗೆ ಅವಳು ಮಂಪರಿಗೆ ಜಾರಿದ್ದಳು. "ಯಾವುದಾರ ಇಂಜೆಕ್ಷನ್ ಆಗಿಬರಂಗಿಲ್ಲ ಅನ್ನೋದು ಐತೇನ್ರಿ?" ಎಂದು ಅವರು ನನ್ನನ್ನೇ ಕೇಳಿದರು.

"ಏನಿಲ್ರಿ" ಎಂದೆ, ನಮ್ಮ ಜೀನ್ಸ್ ಅಂಗಡಿಯಲ್ಲಿ ಬಣ್ಣ ಹೋಗುವುದಿಲ್ಲ ಎನ್ನುವಷ್ಟೇ ಸಲೀಸಾಗಿ.

ಸೂಜಿ ಹಿಡಿದು ಬಂದ ಗಂಗಮ್ಮ ಸಿಸ್ಟರು ಶಾರದೆಯ ಮುಖ ನೋಡಿ ತಟ್ಟನೆ ನಿಂತರು. "ತಡೀರಿ ಡಾಕ್ಟ್ರೇ! ಈ ಅಕ್ಕಗ ಇದು ಆಗೂದಿಲ್ಲ. ಹಿಂದೊಮ್ಮೆ ಕೊಟ್ಟಾಗ ಮುಖ ಬಾತು ಉಸಿರು ಕಟ್ಟಿತ್ತು. ಈ ಅಣ್ಣಾರು ಹೊರಗ ಫೋನಿನಾಗ ಇದ್ರು."

ಡಾಕ್ಟರು ಔಷಧಿ ಬದಲಿಸಿದರು. ನನ್ನ ಒಂದು "ಏನಿಲ್ರಿ"ಗೆ ಶಾರದೆ ಹೋಗಿಯೇಬಿಡುತ್ತಿದ್ದಳು. ಮೂರನೆಯ ದಿನ ಅವಳು ಎದ್ದು ಕೂತು, ಕಾಫಿಗೆ ಸಕ್ಕರೆ ಸಾಲದು ಎಂದು ನನ್ನನ್ನು ಗದರಿಸಿದಾಗಲೇ ನನಗೆ ಜೀವ ಬಂದದ್ದು.

ವಾರದ ಮೇಲೆ ಕಂಪ್ಯೂಟರುಗಳು ಸರಿಹೋದವು. ಡಾಕ್ಟರಿಗೆ ಮಾತ್ರ ಅವುಗಳ ಮೇಲಿನ ನಂಬಿಕೆ ಹೋಗಿತ್ತು. ದಪ್ಪನೆಯ ರಿಜಿಸ್ಟರ್ ತರಿಸಿ, ಯಾರಿಗೆ ಯಾವ ಔಷಧಿ ಒಗ್ಗದು ಎಂಬುದನ್ನೆಲ್ಲ ಗಂಗಮ್ಮನವರಿಂದಲೇ ಬರೆಸಿದರು.

ಮೊನ್ನೆ ನಾನು ಹೋದಾಗ ಕರೆಂಟ್ ಇರಲಿಲ್ಲ. ಪೇಷಂಟೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರೂ ಕೌಂಟರಿನಾಕೆಯೂ ಆ ರಿಜಿಸ್ಟರಿನ ಮೇಲೆ ಬಗ್ಗಿದ್ದರು. ಗಂಗಮ್ಮನವರ ಗೀಚು ಬರಹ ಒಂದಕ್ಷರವೂ ತಿಳಿಯುತ್ತಿಲ್ಲ. ಅವರೋ ನೇಮಕಲ್ಲಿಗೆ ಆಂಜನೇಯನ ದರ್ಶನಕ್ಕೆ ಹೋಗಿದ್ದರು. ಡಾಕ್ಟರು ಪುಟದ ಫೋಟೋ ಕಳಿಸಿ ಅವರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಉತ್ತರ ಬಂತು:

"ನಾನ ಬರದಿದ್ದು ನನಗ ತಿಳೀವಲ್ದ್ರಿ. ಪೇಷಂಟಿನ ಕೈಯಾಗ ಫೋನ್ ಕೊಡ್ರಿ, ದನಿ ಕೇಳಿದ್ರ ನೆನಪಾಗ್ತೈತಿ."