ಡಾಕ್ಟರಿಗೆ ಒದ್ದ ಮಾವ

ಆಪರೇಷನ್ ಆದ ಮರುದಿನ ಬೆಳಿಗ್ಗೆ ನನ್ನ ಸೋದರಮಾವ ಡಾಕ್ಟರ ಹೊಟ್ಟೆಗೆ ಒದ್ದರು. ಬೆನ್ನುಹುರಿಯ ಗಡ್ಡೆ ತೆಗೆಸಿಕೊಂಡು ಮಲಗಿದ್ದ ಅವರ ಅಂಗಾಲಿನ ಮೇಲೆ ಡಾಕ್ಟರು ಬೈಕಿನ ಕೀಯಿಂದ ಗೀರಿದ್ದೇ ತಡ, ಬಲಗಾಲು ಚಿಮ್ಮಿಬಿಟ್ಟಿತು.

ಗಡ್ಡೆ ತೆಗೆಯುವಾಗ ನರಕ್ಕೆ ಪೆಟ್ಟಾದರೆ ಎರಡೂ ಕಾಲಿನ ಸ್ವಾಧೀನ ಹೋಗಬಹುದು ಎಂದು ಹೇಳಿಯೇ ಡಾಕ್ಟರು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ಗುಡೇಮಾರನಹಳ್ಳಿಯಿಂದ ಹೋಗಿದ್ದ ನಾವ್ಯಾರೂ ಆಮೇಲೆ ಕಾಫಿ ಕೂಡ ಮುಟ್ಟಿರಲಿಲ್ಲ.

ಮಾವನಿಗೋ ನಾಚಿಕೆ. "ತಪ್ಪಾಯ್ತು ಸಾ, ಬೇಕು ಅಂತ ಒದೀಲಿಲ್ಲ" ಎಂದು ಕೈಮುಗಿದರು.

ಡಾಕ್ಟರ ಮುಖ ಅರಳಿತ್ತು. "ಕಾಲು ತಾನಾಗಿ ಚಿಮ್ಮಿದ್ರೆ ಸಾಲ್ದು ಯಜಮಾನ್ರೇ. ಈಗ ಬೇಕು ಅಂತಾನೇ ಒದೀರಿ, ನೋಡೋಣ."

"ಅಯ್ಯೋ, ಎಲ್ಲಾದ್ರೂ ಉಂಟಾ ಸಾ? ನಿಮ್ಮಂಥೋರ್ಗೆ ಕಾಲು ತಾಗ್ಸದಾ!"

ಡಾಕ್ಟರು ಎರಡು ಸಲ ಕೇಳಿದರೂ ಮಾವ ಕಾಲೆತ್ತಲಿಲ್ಲ. ಮನಸ್ಸಿಲ್ಲವೋ, ಕಾಲೇ ಬರುತ್ತಿಲ್ಲವೋ ಗೊತ್ತಾಗದೆ ನಾವೆಲ್ಲ ಮಂಚದ ಹತ್ತಿರಕ್ಕೆ ಸರಿದೆವು. ಕೊನೆಗೆ ಅತ್ತೆಯೇ ರೇಗಿದರು. "ಒದೀರಿ ಅಂತ ಅವ್ರೇ ಹೇಳ್ತಾವ್ರೆ, ಒದ್ದುಬುಡಿ ಅತ್ಲಾಗೆ!"

ಮಾವ ಕಣ್ಣು ಮುಚ್ಚಿ, ಮುಗಿದ ಕೈ ಇಳಿಸದೆ, ಡಾಕ್ಟರು ಒಡ್ಡಿದ ಅಂಗೈಗೆ ಬಲಗಾಲಲ್ಲಿ ಒಂದು, ಎಡಗಾಲಲ್ಲಿ ಒಂದು ಮೆಲ್ಲಗೆ ಒದ್ದರು. ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಲೇ ಅತ್ತುಬಿಟ್ಟರು.

ಈಗ ಮಾವ ಯಾರ ಆಸರೆಯೂ ಇಲ್ಲದೆ ಹೊಲಕ್ಕೆ ಹೋಗಿಬರುತ್ತಾರೆ. ಆದರೆ ಚೆಕಪ್‌ಗೆ ಹೋದಾಗಲೆಲ್ಲ ಡಾಕ್ಟರ ಎದುರು ಎರಡೂ ಕಾಲನ್ನು ಕುರ್ಚಿಯ ಕೆಳಗೆ ಮುದುರಿಕೊಂಡೇ ಕೂರುತ್ತಾರೆ.